ಮುಂದೆ ನಾನು, ಹಿಂದೆ ಟೀಚರಮ್ಮ

ನನಗೆ ನಡೆಯಲು ಬರುವುದಿಲ್ಲ. ಹೀಗೆಂದ ಕೂಡಲೇ ಕೆಲವರು ನನ್ನ ಮಂಡಿಯ ಕಡೆ ನೋಡುತ್ತಾರೆ, ಇನ್ನು ಕೆಲವರು ತಮಗೆ ಗೊತ್ತಿರುವ ಎಣ್ಣೆಯ ಹೆಸರು ಹೇಳುತ್ತಾರೆ. ಮಂಡಿ ಚೆನ್ನಾಗಿಯೇ ಇದೆ. ಆಲ್ದೂರಿನಿಂದ ಒಳಗಿರುವ ಕಾಫಿ ಎಸ್ಟೇಟೊಂದರಲ್ಲಿ ಮೂವತ್ತೇಳು ವರ್ಷ ರೈಟರಾಗಿದ್ದವನು ನಾನು. ಎಸ್ಟೇಟಿನ ರೈಟರೆಂದರೆ ಬೆಳಿಗ್ಗೆ ಆಳುಗಳ ಹಾಜರಿ ಕೂಗಿ, ಯಾರು ಕಳೆ ತೆಗೆಯಬೇಕು, ಯಾರು ನೆರಳಿನ ಮರದ ಕೊಂಬೆ ಕಡಿಯಬೇಕು ಎಂದು ಕೆಲಸ ಹಂಚಿ, ಆಮೇಲೆ ಇಡೀ ದಿನ ಅವರ ಬೆನ್ನಿಗೆ ಗುಡ್ಡ ಹತ್ತಿ ಇಳಿಯುವವನು. ಆದ್ದರಿಂದ ದೂರ ನಡೆಯುವುದು, ಏರು ನಡೆಯುವುದು, ಜಾರುವ ಕಡೆ ಬೀಳದೆ ನಡೆಯುವುದು ಎಲ್ಲವೂ ಬರುತ್ತದೆ. ಬಾರದೆ ಇರುವುದು ಇನ್ನೊಬ್ಬರ ಪಕ್ಕದಲ್ಲಿ ನಡೆಯುವುದು. ಆ ಇನ್ನೊಬ್ಬರು ನನ್ನ ಹೆಂಡತಿಯಾಗಿದ್ದರಂತೂ ಸುತರಾಂ ಬರುವುದಿಲ್ಲ.

ಇದರಲ್ಲಿ ನನ್ನ ತಪ್ಪಿಗಿಂತ ತೋಟದ ದಾರಿಯ ತಪ್ಪೇ ಹೆಚ್ಚು. ಕಾಫಿ ಗಿಡಗಳ ನಡುವಿನ ದಾರಿ ಒಬ್ಬರು ಹೋಗುವಷ್ಟೇ ಅಗಲ. ಮುಂದೆ ಹೋಗುವವನು ಕೋಲಿನಿಂದ ಜೇಡರ ಬಲೆ ಸರಿಸಬೇಕು, ಹಾವಿದೆಯೇ ಎಂದು ನೆಲ ನೋಡಬೇಕು, ಅಡ್ಡ ಬಂದ ಕೊಂಬೆಯನ್ನು ಬಗ್ಗಿಸಿ ಹಿಂದಿನವರ ಕೈಗೆ ದಾಟಿಸಬೇಕು. ಸುಮ್ಮನೆ ಬಿಟ್ಟರೆ ಅದು ಹೋಗಿ ಹಿಂದಿನವರ ಕೆನ್ನೆಗೆ ಬಾರಿಸುತ್ತದೆ. ಇಷ್ಟೆಲ್ಲ ಜವಾಬ್ದಾರಿಯ ನಡುವೆ ಹಿಂದೆ ತಿರುಗಿ ಮುಖ ನೋಡಿ ಮಾತಾಡಲು ಯಾರಿಗೆ ಪುರುಸೊತ್ತು? ಹಾಗಾಗಿ ನಮ್ಮಲ್ಲಿ ಮುಂದಿನವನು ಮಾತನ್ನು ಮುಂದಕ್ಕೇ ಆಡುತ್ತಾನೆ, ಹಿಂದಿನವರು ಸಿಕ್ಕಿದಷ್ಟನ್ನು ಹೆಕ್ಕಿಕೊಳ್ಳುತ್ತಾರೆ. ಪೇಟೆಗೆ ಹೋದರೂ ಈ ಚಾಳಿ ಬಿಡುವುದಿಲ್ಲ. ಎಷ್ಟೇ ಅಗಲದ ರಸ್ತೆಯಿರಲಿ, ನಾಲ್ಕು ಜನ ಇರುವೆ ಸಾಲಿನ ಹಾಗೆ ಒಬ್ಬರ ಹಿಂದೊಬ್ಬರು ಹೋಗುತ್ತಿದ್ದು, ಮೊದಲನೆಯವನು ಗಾಳಿಯ ಜೊತೆ ಮಾತಾಡುತ್ತಿದ್ದರೆ ಅವರು ತೋಟದ ಕಡೆಯವರೆಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ನಾವು ಮದುವೆಯಾಗಿ ಮನೆಗೆ ಬಂದ ದಿನದ ಒಂದು ಫೋಟೋ ಇದೆ. ಜೀಪಿನಿಂದ ಇಳಿದು ತೋಟದ ದಾರಿಯಲ್ಲಿ ಬರುತ್ತಿರುವ ಫೋಟೋ. ಅದರಲ್ಲಿ ನಾನು ತಲೆಯಿಂದ ಕಾಲಿನವರೆಗೆ ಚೆನ್ನಾಗಿ ಬಿದ್ದಿದ್ದೇನೆ. ನನ್ನ ಹಿಂದಿನಿಂದ ಒಂದು ಸೆರಗಿನ ತುದಿ ಕಾಣುತ್ತದೆ, ಅದು ಶಾರದ.

ಶಾರದ ಊರಿಗೆಲ್ಲ ಟೀಚರಮ್ಮ. ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೀರಿ ಪಾಠ ಹೇಳಿದವಳು. ಆ ಶಾಲೆಯ ಬೆಲ್ಲು, ಬೀಗ, ಬೋರ್ಡು ಎಲ್ಲ ಅವಳದೇ ವಶದಲ್ಲಿತ್ತು. ಅವಳೂ ನಾನೂ ಒಂದೇ ವರ್ಷ ನಿವೃತ್ತರಾದೆವು. ಈಗ ಮನೆಯಲ್ಲಿ ಇಬ್ಬರು ಮೇಲಧಿಕಾರಿಗಳಿದ್ದೇವೆ, ಅಪ್ಪಣೆ ಪಾಲಿಸಲು ಒಬ್ಬರೂ ಇಲ್ಲ. ನಾನು ಬೆಳಿಗ್ಗೆ ಎದ್ದು ಅಂಗಳದ ದಾಸವಾಳ ಗಿಡಗಳ ಹಾಜರಿ ತೆಗೆದುಕೊಳ್ಳುತ್ತೇನೆ, ಅವಳು ಪತ್ರಿಕೆಯಲ್ಲಿ ಕೆಂಪು ಪೆನ್ನಿನಿಂದ ತಪ್ಪು ತಿದ್ದುತ್ತಾಳೆ. ಕಳಸದಲ್ಲಿ ಗಂಡನ ಜೊತೆ ಔಷಧಿ ಅಂಗಡಿ ಇಟ್ಟುಕೊಂಡಿರುವ ಮಗಳು ತಿಂಗಳಿಗೊಮ್ಮೆ ಬಂದು, ಇಬ್ಬರ ದೂರುಗಳನ್ನೂ ಸಮಾಧಾನವಾಗಿ ಕೇಳಿ, ಇಬ್ಬರಿಗೂ ಒಂದೇ ಟಾನಿಕ್ ಕೊಟ್ಟು ಹೋಗುತ್ತಾಳೆ.

ಹೀಗಿರುವಾಗ ಒಂದು ಶನಿವಾರ ನಮ್ಮ ಗೇಟಿನ ಮುಂದೆ ಬೆಂಗಳೂರಿನ ಕಾರೊಂದು ನಿಂತಿತು. ಕಪ್ಪು ಕನ್ನಡಕದ ಹೆಣ್ಣುಮಗಳೊಬ್ಬಳು ಇಳಿದು, "ಆಂಟಿ, ಇಲ್ಲಿ ನೋಡೋಕೆ ಏನಿದೆ?" ಎಂದು ಕೇಳಿದಳು. ಶಾರದ ಸುತ್ತ ಒಮ್ಮೆ ನೋಡಿ, "ಎಂತ ಇಲ್ಲಮ್ಮ, ಇಷ್ಟೇ" ಎಂದಳು. ಅವರಿಗೆ ಅಷ್ಟೇ ಸಾಕಾಗಿತ್ತು. ನಮ್ಮ ಬಟ್ಟೆ ಒಗೆಯುವ ಕಲ್ಲಿನ ಫೋಟೋ ತೆಗೆದರು, ಕಾಫಿ ಹರವುವ ಕಣದಲ್ಲಿ ಮಲಗಿದ್ದ ನಾಯಿಯ ಫೋಟೋ ತೆಗೆದರು, ತೂತು ಬಿದ್ದ ಸ್ವೆಟರಿನಲ್ಲಿದ್ದ ನನ್ನದೂ ತೆಗೆದರು. ಸಂತೋಷದಿಂದ ಕೈ ಬೀಸಿ ಹೊರಟರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಶಾರದ ಹೇಳಿದಳು: "ನೋಡಿದ್ರಾ? ನಮ್ಮ ಒಗೆಯೋ ಕಲ್ಲು ನೋಡೋಕೆ ಅಷ್ಟು ದೂರದಿಂದ ಬರ್ತಾರೆ. ನಾವು ಒಂದಿನನಾದ್ರೂ ಹಾಗೆ ಹೋಗಿದ್ದುಂಟಾ? ಚಿಕ್ಕಮಗ್ಳೂರಿಗೆ ಹೋಗಿ ಬರೋಣ, ಬರೇ ನೋಡೋಕೆ."

ನಾನು ನಕ್ಕುಬಿಟ್ಟೆ. "ಚಿಕ್ಕಮಗ್ಳೂರಲ್ಲಿ ನಾನು ನೋಡದೆ ಇರೋದು ಎಂತ ಉಂಟು ಮಾರಾಯ್ತಿ?" ಎಂದೆ.

"ಎಂತೆಂತ ನೋಡಿದೀರಿ, ಹೇಳಿ ನೋಡೋಣ" ಎಂದಳು, ತರಗತಿಯಲ್ಲಿ ಕೇಳುವ ಹಾಗೆ. ಬಸ್ ಸ್ಟ್ಯಾಂಡು, ಗೋಣಿಚೀಲದ ಅಂಗಡಿ, ಕತ್ತಿ ಕೊಡಲಿ ಮಾರುವ ಅಂಗಡಿ, ಕಾಫಿ ಬೀಜ ಹದಮಾಡುವ ಕ್ಯೂರಿಂಗಿನವರ ಗೇಟು, ಆಸ್ಪತ್ರೆ ಎಂದು ಹೇಳಿ ನಾನು ನಿಂತೆ. ಮುಂದೆ ಏನೂ ಹೊಳೆಯಲಿಲ್ಲ. ಅವಳದೂ ಅಷ್ಟೇ ಎಂದು ಅವಳೇ ಒಪ್ಪಿಕೊಂಡಳು: ಶಿಕ್ಷಣ ಇಲಾಖೆ ಕಚೇರಿ, ತರಬೇತಿ ಕೇಂದ್ರ, ಸೀರೆ ಅಂಗಡಿ. "ಆ ಬಸವನಹಳ್ಳಿ ಕೆರೆ?" ಎಂದು ಕೇಳಿದಳು. "ಬಸ್ಸಿಂದ ಕಂಡಿದೆ" ಎಂದೆ. ಅದು ಪೂರ್ತಿ ನಿಜವಲ್ಲ. ಬಸ್ಸು ಕೆರೆಯ ಹತ್ತಿರ ಬಂದಾಗಲೆಲ್ಲ ನಾನು ಆಚೆ ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಕಾಫಿ ಕೊಯ್ಲು ಮುಗಿದಿತ್ತು, ಗಿಡ ಹೂ ಬಿಡಲು ಬೇಕಾದ ಹೂಮಳೆ ಇನ್ನೂ ಬಂದಿರಲಿಲ್ಲ. ತೋಟದವರು ಆಕಾಶ ನೋಡಿಕೊಂಡು ಕೂರುವ ಕಾಲ ಅದು, ಎಲ್ಲಿಗಾದರೂ ಹೋಗುವುದಾದರೆ ಆಗಲೇ ಹೋಗಬೇಕು. ಶಾರದ ಒಂದು ಷರತ್ತು ಹಾಕಿದಳು: ಸಾಮಾನಿನ ಪಟ್ಟಿ ಇರಕೂಡದು. ನಮ್ಮ ಕಡೆ ಪಟ್ಟಿಯಿಲ್ಲದೆ ಯಾರೂ ಪೇಟೆಗೆ ಹೋಗುವುದಿಲ್ಲ. ಹೋದರೆ ಜನ ಅನುಮಾನದಿಂದ ನೋಡುತ್ತಾರೆ. ಬಸ್ ಸ್ಟಾಪಿನಲ್ಲಿ ನಮ್ಮ ಖಾಲಿ ಕೈ ನೋಡಿದ ಹಳೇ ಮೇಸ್ತ್ರಿ, "ಎಂತ ರೈಟ್ರೇ, ಯಾರಾದ್ರೂ ಹೋಗಿಬಿಟ್ರಾ?" ಎಂದು ಗಾಬರಿಯಿಂದ ಕೇಳಿದ. ಯಾರೂ ಸತ್ತಿಲ್ಲ, ಸುಮ್ಮನೆ ಹೊರಟಿದ್ದೇವೆ ಎಂದರೆ ಅವನು ನಂಬಲಿಲ್ಲ. ಬಸ್ಸಿನಲ್ಲಿ ಅಭ್ಯಾಸದಂತೆ ಶಾರದ ಮುಂದೆ ಹೆಂಗಸರ ಸೀಟಿನಲ್ಲಿ ಕುಳಿತಳು, ನಾನು ಹಿಂದೆ ಕುಳಿತೆ. ನಮ್ಮ ಸಂಸಾರದಲ್ಲಿ ಅವಳು ಮುಂದಿರುವುದು ಬಸ್ಸಿನಲ್ಲಿ ಮಾತ್ರ.

ಪೇಟೆಯಲ್ಲಿ ಇಳಿದು ಬೆಣ್ಣೆ ದೋಸೆ ತಿಂದೆವು. ಆಮೇಲೆ ಕಾಫಿ. ಕಾಫಿ ಬೆಳೆಯುವವರಿಗೆ ಹೋಟೆಲಿನ ಕಾಫಿ ಕುಡಿಸಬಾರದು. ನಾನು ಒಂದು ಗುಟುಕು ಕುಡಿದು, ಇದರಲ್ಲಿ ಚಿಕೋರಿ ಎಷ್ಟು, ಬೀಜ ಎಷ್ಟು, ಆ ಬೀಜ ಎಷ್ಟು ಹುರಿದದ್ದು ಎಂದು ಶುರುಮಾಡಿದೆ. ಶಾರದ, "ಬೆಂಗ್ಳೂರಿನವರು ಒಗೆಯೋ ಕಲ್ಲಿನ ಜಾತಿ ಕೇಳಿದ್ರಾ? ಕುಡೀರಿ ಸುಮ್ನೆ" ಎಂದಳು. ಕುಡಿದೆ. ಬಿಸಿಯಾಗಿತ್ತು ಎಂಬುದನ್ನು ಬಿಟ್ಟರೆ ಅದರ ಬಗ್ಗೆ ಹೇಳುವಂಥದ್ದು ಏನೂ ಇರಲಿಲ್ಲ.

ಹೊರಗೆ ಬಂದು ಪ್ರವಾಸಿಗಳಾದೆವು. ಪ್ರವಾಸಿಗಳಾಗುವುದು ನಾನು ತಿಳಿದಷ್ಟು ಸುಲಭವಲ್ಲ. ಕೈಯಲ್ಲಿ ಚೀಲವಿಲ್ಲ, ಕಾಲಿಗೆ ಗುರಿಯಿಲ್ಲ. ಕತ್ತಿ ಅಂಗಡಿಯ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಬಾಗಿಲಲ್ಲಿ ತೂಗುಬಿಟ್ಟಿದ್ದ ಹೊಸ ಕತ್ತಿಗಳ ಹಿಡಿ ನೋಡುತ್ತಿದ್ದೆ, ಅಷ್ಟೇ. ಹಿಂದಿನಿಂದ "ನಡೀರಿ" ಎಂದು ದನಿ ಬಂತು. ಇನ್ನೊಂದು ಕಡೆ ಶಾರದ ತಾನೇ ಬಳೆ ಅಂಗಡಿಯವರನ್ನು ಧೈರ್ಯವಾಗಿ, "ಇಲ್ಲಿ ನೋಡೋಕೆ ಏನಿದೆ?" ಎಂದು ಕೇಳಿದಳು. ಹಾಗೆ ಕೇಳಬೇಕೆಂಬುದು ಅವಳ ಆಸೆಯಾಗಿತ್ತು. ಅಂಗಡಿಯವರು, "ಯಾವ ಕಡೆಯಿಂದ ಬಂದ್ರಮ್ಮ?" ಎಂದರು. "ಆಲ್ದೂರು ಕಡೆ." ಅವರು ನಮ್ಮನ್ನು ಕನಿಕರದಿಂದ ನೋಡಿ, "ಅಯ್ಯೋ, ನೋಡೋದೆಲ್ಲ ನಿಮ್ಮ ಕಡೆನೇ ಇರೋದಲ್ವಾ? ಇಲ್ಲಿಗೆ ಯಾಕೆ ಬಂದ್ರಿ?" ಎಂದರು. ಪಕ್ಕದ ಅಂಗಡಿಯವರನ್ನೂ ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, ಕೆರೆ ಸುತ್ತ ಓಡಾಡಲು ದಾರಿ ಮಾಡಿದ್ದಾರೆ, ಸಂಜೆ ಹೊತ್ತು ಗಾಳಿ ಚೆನ್ನಾಗಿರುತ್ತದೆ, ಅಲ್ಲಿಗೆ ಹೋಗಿ ಎಂದರು. ಶಾರದ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದೆ.

ಊಟ ಮುಗಿಸಿ, ಒಂದು ಮರದ ನೆರಳಲ್ಲಿ ಬಿಸಿಲು ಇಳಿಯುವವರೆಗೆ ಕೂತು, ಬಸವನಹಳ್ಳಿ ಕೆರೆಗೆ ಹೋದೆವು. ಹೋಗಿ ನಿಂತ ಮೇಲೆ, ಇಷ್ಟು ವರ್ಷ ಇದನ್ನು ನೋಡದೆ ಎಂಥ ಕೆಲಸ ಮಾಡಿದೆ ಅನ್ನಿಸಿತು. ದೂರದಲ್ಲಿ ಗಿರಿಯ ಸಾಲು, ಅದರ ಕೆಳಗೆ ಊರು, ಊರಿನ ನಡುವೆ ಇಷ್ಟು ಶಾಂತವಾದ ನೀರು. ದಂಡೆಯ ಮೇಲೆ ದಾರಿ ಎಷ್ಟು ಅಗಲವಿತ್ತೆಂದರೆ ನಮ್ಮ ಕಡೆಯಾದರೆ ಅದರಲ್ಲಿ ಎರಡು ಸಾಲು ಕಾಫಿ ಗಿಡ ನೆಟ್ಟುಬಿಡುತ್ತಿದ್ದರು. ಗಂಡ ಹೆಂಡಿರು, ಗೆಳತಿಯರು, ಪೆನ್ಶನ್‌ದಾರರು ಇಬ್ಬಿಬ್ಬರಾಗಿ, ಮೂವರಾಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಡೆಯುತ್ತಿದ್ದರು. ಶಾರದ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇವತ್ತೊಂದಿನ ಜೊತೇಲಿ ನಡೀರಿ. ಒಂದು ಸುತ್ತು" ಎಂದಳು. ಅದು ಅವಳು ಆ ದಿನ ನನ್ನಿಂದ ಕೇಳಿದ್ದ ಒಂದೇ ವಿಷಯ.

ಪ್ರಯತ್ನಪಟ್ಟೆ ಎಂದು ನಂಬಬೇಕು. ಮೊದಲ ಹತ್ತು ಹೆಜ್ಜೆ ಜೊತೆಯಲ್ಲೇ ನಡೆದೆ. ಭುಜಕ್ಕೆ ಭುಜ ತಾಗುತ್ತಿತ್ತು, ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಎಡಗಡೆಯಿಂದ ಒಬ್ಬರು ಎದುರು ಬಂದರು, ದಾರಿ ಕೊಡಲು ನಾನು ಒಂದು ಹೆಜ್ಜೆ ಮುಂದೆ ಸರಿದೆ. ಹಿಂದೆ ಬರುವುದು ಮರೆತುಹೋಯಿತು. ಕಾಲಿಗೆ ತನ್ನ ಹಳೇ ಜಾಗ ಸಿಕ್ಕಿದ ಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಮುಂದೆ ನಾನು, ಹಿಂದೆ ಟೀಚರಮ್ಮ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡೋಣ ಎನ್ನುವಷ್ಟು ಧೈರ್ಯ ಬಂತು.

ಮನಸ್ಸಿನಲ್ಲಿ ಇದ್ದದ್ದು ಇದು. ಇಪ್ಪತ್ತಾರು ವರ್ಷದ ಹಿಂದೆ ಶಾರದಳಿಗೆ ಈ ಊರಿನ ಒಂದು ಶಾಲೆಗೆ ವರ್ಗವಾಗಿತ್ತು. ಕೆರೆಯಿಂದ ಎರಡು ಬೀದಿ ಆಚೆ. ಪೇಟೆ ಶಾಲೆಗೆ ವರ್ಗ ಸಿಗಲಿ ಎಂದು ಬೇರೆಯವರು ಯಾರ್ಯಾರ ಕಾಲೋ ಹಿಡಿಯುತ್ತಿದ್ದ ಕಾಲ ಅದು. ಇವಳಿಗೆ ಕೇಳದೆಯೇ ಬಂದಿತ್ತು. ಆ ಕಾಗದ ತಂದು ನನಗೆ ತೋರಿಸಿದಾಗ ನಾನು ಹೇಳಿದ್ದು ಎರಡೇ ಮಾತು: "ನೋಡು, ನಿನ್ನಿಷ್ಟ." ಗಂಡಸರು ಹೀಗೆ ಹೇಳಿದಾಗ ಅದರಲ್ಲಿ ಹೆಂಡತಿಯ ಇಷ್ಟಕ್ಕೆ ಎಳ್ಳಷ್ಟೂ ಜಾಗವಿರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದು ಸಾಲದೆಂದು ಅವತ್ತು ಅರ್ಧ ಊಟಕ್ಕೇ ಎದ್ದೆ. ಎಸ್ಟೇಟು ಬಿಟ್ಟು ನಾನು ಪೇಟೆಗೆ ಬಂದು ಏನು ಮಾಡಲಿ, ಯಾರ ಹಾಜರಿ ಕೂಗಲಿ ಎಂಬ ಹೆದರಿಕೆ. ಒಂದು ವಾರ ಬಿಟ್ಟು ಶಾರದ ಒಬ್ಬಳೇ ಚಿಕ್ಕಮಗಳೂರಿಗೆ ಹೋಗಿ ಸಂಜೆ ಬಂದಳು. ಊಟಕ್ಕೆ ಬಡಿಸುವಾಗ, "ಸೋಮವಾರದಿಂದ ಇಲ್ಲೇ ಶಾಲೆಗೆ ಹೋಗ್ತೀನಿ" ಎಂದಳು, ಮುಗಿಯಿತು. ಅವಳು ಮತ್ತೆ ಆ ಮಾತು ಎತ್ತಲಿಲ್ಲ, ನಾನು ಕೇಳಲಿಲ್ಲ. ನಲ್ಲಿ ನೀರು, ಹತ್ತಿರದ ಆಸ್ಪತ್ರೆ, ಮಗಳಿಗೆ ಒಳ್ಳೆ ಸ್ಕೂಲು, ಸಂಜೆ ಈ ಕೆರೆಯ ಸುತ್ತ ಗೆಳತಿಯರ ಜೊತೆ ಒಂದು ಸುತ್ತು, ಇವಿಷ್ಟನ್ನೂ ನನ್ನ ಮುಖ ನೋಡಿ ಬಿಟ್ಟುಕೊಟ್ಟಳು. ಅದಕ್ಕೇ ಬಸ್ಸು ಇಲ್ಲಿ ಬಂದಾಗ ನಾನು ಆಚೆ ಕಿಟಕಿ ನೋಡುತ್ತಿದ್ದದ್ದು. ನನಗೆ ನಾಚಿಕೆಯಾಗುತ್ತಿತ್ತು.

ಮುಖಾಮುಖಿಯಾಗಿ ಇದನ್ನು ಹೇಳುವ ಶಕ್ತಿ ನನಗಿಲ್ಲ. ಆದರೆ ಮುಂದಕ್ಕೆ ನೋಡಿಕೊಂಡು ನಾನು ಏನು ಬೇಕಾದರೂ ಹೇಳಬಲ್ಲೆ. ಗಂಟಲು ಸರಿಮಾಡಿಕೊಂಡು, "ನೋಡು ಶಾರದ" ಎಂದು ಶುರುಮಾಡಿದೆ. ಒಂದೂ ಬಿಡದೆ ಹೇಳಿದೆ. ವರ್ಗದ ಕಾಗದ, ನನ್ನ ಸ್ವಾರ್ಥ, ಊಟ ಬಿಟ್ಟು ಎದ್ದದ್ದು. "ನೀನು ಈ ಊರಲ್ಲಿ ರಾಣಿ ಹಾಗೆ ಇರಬೋದಿತ್ತು. ನಾನು ತಪ್ಪಿಸ್ದೆ. ಒಂದಿನನೂ ನೀನು ಅಂದು ಆಡ್ಲಿಲ್ಲ. ಅದೇ ನಂಗೆ ಜಾಸ್ತಿ ಚುಚ್ತದೆ. ತಪ್ಪಾಯ್ತು" ಎಂದೆ. ಕೈ ಬೀಸಿ ಬೀಸಿ ಮಾತಾಡಿದೆ. ಎದುರು ಬಂದವರು ದಾರಿ ಬಿಟ್ಟು ಸರಿದದ್ದು ನೆನಪಿದೆ. ಹಿಂದಿನಿಂದ ಹೆಜ್ಜೆ ಸದ್ದು ಬರುತ್ತಲೇ ಇತ್ತು. ಕೊನೆಕೊನೆಗೆ ಮೂಗೆಳೆಯುವ ಸದ್ದೂ ಕೇಳಿತು. ಅಳುತ್ತಿದ್ದಾಳೆ ಎಂದು ನನ್ನ ಕಣ್ಣೂ ಒದ್ದೆಯಾಯಿತು.

"ಪರವಾಗಿಲ್ಲ ಬಿಡಿ ಸಾರ್. ಆಗಿದ್ದು ಆಗೋಯ್ತು" ಎಂದಿತು ಒಂದು ದಪ್ಪ ದನಿ.

ತಿರುಗಿದೆ. ಕೆಂಪು ಬನಿಯನ್ನು, ಬಿಳಿ ಬೂಟು, ಕುತ್ತಿಗೆಗೆ ಟವೆಲು ಸುತ್ತಿದ ದೊಡ್ಡ ಹೊಟ್ಟೆಯ ಒಬ್ಬರು ನಿಂತಿದ್ದರು. ನೆಗಡಿಯಾಗಿತ್ತು ಅವರಿಗೆ. ಅವರ ಹಿಂದೆ ದಾರಿ ಖಾಲಿ. ಶಾರದ ಎಲ್ಲೂ ಇರಲಿಲ್ಲ.

"ನೀವು ಯಾವಾಗಿಂದ ಹಿಂದೆ ಇದೀರಿ?" ಎಂದು ಕೇಳಿದೆ.

"'ನೋಡು ಶಾರದ' ಅಂದ್ರಲ್ಲ, ಆಗಿಂದ."

"ಹಾಗಾದ್ರೆ ದಾಟ್ಕೊಂಡು ಮುಂದೆ ಹೋಗ್ಬೋದಿತ್ತಲ್ಲ ಮಾರಾಯ್ರೆ!"

"ಹೋಗ್ಬೇಕು ಅಂತಾನೇ ಇದ್ದೆ ಸಾರ್. ಅಷ್ಟರಲ್ಲಿ ವರ್ಗದ ವಿಷಯ ಬಂತು. ನಮ್ಮನೇಲೂ ಟೀಚರ್ರೇ. ನಡುವೆ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ" ಎಂದು ಮೂಗು ಒರೆಸಿಕೊಂಡರು. ಆಮೇಲೆ ಸಲಹೆ ಕೊಟ್ಟರು: "ಚೆನ್ನಾಗಿ ಹೇಳಿದೀರಿ. ಇದನ್ನೇ ಅವ್ರ ಹತ್ರ ಹೇಳಿ. ಆ ರಾಣಿ ಅನ್ನೋದೊಂದು ಬಿಟ್ಬಿಡಿ, ಸ್ವಲ್ಪ ನಾಟಕ ಆಯ್ತು." ಇಷ್ಟು ಹೇಳಿ ನನ್ನನ್ನು ದಾಟಿ ದಡದಡ ಮುಂದೆ ನಡೆದರು.

ಅರ್ಧ ಕೆರೆ ವಾಪಸ್ಸು ಬಂದೆ. ಬಿದ್ದಳೋ, ತಲೆ ಸುತ್ತಿತೋ ಎಂದು ಏನೇನೋ ಯೋಚನೆ. ಶಾರದ ಕಲ್ಲು ಬೆಂಚಿನ ಮೇಲೆ ಕೂತು ಬೇಯಿಸಿದ ಕಡಲೆಕಾಯಿ ತಿನ್ನುತ್ತಿದ್ದಳು. ನೀರಿನ ನಡುವಿನ ಕಂಬದ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು, ಅದನ್ನೇ ನೋಡುತ್ತಿದ್ದಳು. ನನ್ನನ್ನು ಕಂಡು ಸಿಪ್ಪೆ ಕೊಡವಿ, "ಮುಗೀತಾ ಸುತ್ತು?" ಎಂದಳು.

"ನೀನೆಂತಕ್ಕೆ ನಿಂತೆ?"

"ಚಪ್ಪಲಿ ಒಳಗೆ ಕಲ್ಲು ಹೋಯ್ತು. ರೀ ಅಂದೆ. ಎರಡು ಸಲ ಕೂಗ್ದೆ. ನೀವು ಕೈ ಬೀಸ್ಕೊಂಡು ಹೋಗ್ತಾನೇ ಇದ್ರಿ. ಎಷ್ಟು ದೂರ ಹೋಗ್ತಾರೆ ನೋಡೋಣ ಅಂತ ಕೂತೆ." ಕಡಲೆಕಾಯಿ ಪೊಟ್ಟಣ ನನ್ನ ಕಡೆ ಚಾಚಿದಳು. "ಎಂತ ಹೇಳ್ತಿದ್ರಿ ಅಷ್ಟು ಜೋರಾಗಿ?"

ಈಗ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ, ಅವಳು ನೇರವಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಎಂತ ಇಲ್ಲ. ಈ ಸಲ ಹೂಮಳೆ ತಡ ಆಗ್ಬೋದು ಅಂತ" ಎಂದೆ.

"ಹೂಮಳೆಗೆ ಅಷ್ಟು ಕೈ ಬೀಸ್ಬೇಕಾ?" ಎಂದು ಅವಳು ಮತ್ತೆ ಹಕ್ಕಿಯ ಕಡೆ ತಿರುಗಿದಳು. ನಾನು ಕಡಲೆಕಾಯಿ ಸುಲಿದೆ. ಒಂದು ಸುಲಿದೆ, ಎರಡು ಸುಲಿದೆ, ಪೊಟ್ಟಣ ಅರ್ಧ ಖಾಲಿಯಾಯಿತು. ಅಪರಿಚಿತರಿಗೆ ಅಷ್ಟು ಸಲೀಸಾಗಿ ಹೇಳಿದ ಮಾತು ಹೆಂಡತಿಯ ಎದುರು ಕೂತಾಗ ಬರುತ್ತಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೆ ಕೆರೆಯ ದಾರಿಗೆ ಒಂದು ಗುಣವಿದೆ: ಅದರ ಮೇಲೆ ಮುಂದೆ ಹೋದವರು ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬರುತ್ತಾರೆ. ಕೆಂಪು ಬನಿಯನ್ನು ದೂರದಲ್ಲಿ ಕಾಣಿಸಿತು. ನಾನು ಎದ್ದು ಹೋಗೋಣ ಎನ್ನುವಷ್ಟರಲ್ಲಿ ಹತ್ತಿರವೇ ಬಂದರು. ಇಬ್ಬರನ್ನೂ ನೋಡಿ ನಿಂತರು.

"ಇವ್ರೇನಾ ಸಾರ್? ಹೇಳಿದ್ರಾ?"

ನಾನು ಕಣ್ಣಲ್ಲೇ ಬೇಡ ಬೇಡ ಎಂದೆ. ಅವರು ಅದನ್ನು ಇಲ್ಲ ಎಂದು ಅರ್ಥ ಮಾಡಿಕೊಂಡರು. ಶಾರದಳ ಕಡೆ ತಿರುಗಿ, "ಅಮ್ಮಾ, ತುಂಬಾ ನೊಂದ್ಕೊಂಡಿದಾರೆ. ನಿಮಗೆ ಈ ಊರಿಗೆ ವರ್ಗ ಆಗಿತ್ತಂತಲ್ಲ, ಅದನ್ನ ತಪ್ಪಿಸಿದ್ದಕ್ಕೆ. ಇಪ್ಪತ್ತಾರು ವರ್ಷ ಆಯ್ತು, ಕ್ಷಮಿಸ್ಬಿಡಿ" ಎಂದು ಕೈಮುಗಿದು, ಮತ್ತೊಂದು ಸುತ್ತಿಗೆ ಹೊರಟುಹೋದರು.

ಶಾರದ ಅವರು ಹೋದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಅರ್ಧ ಕೆರೆಯ ಉದ್ದಕ್ಕೂ ಹೇಳಿದ್ದು ಈಗ ಎರಡು ತುಂಡು ಮಾತಾಗಿ ಹೊರಗೆ ಬಂತು. "ಅವತ್ತು ನೀನು ನಂಗೋಸ್ಕರ ಬಿಟ್ಟೆ. ತಪ್ಪಾಯ್ತು ಶಾರದ" ಎಂದೆ. ನೆಲ ನೋಡುತ್ತಿದ್ದೆ.

"ಅಯ್ಯೋ ಮಾರಾಯ್ರೆ, ನಿಮಗೋಸ್ಕರ ಎಂತಕ್ಕೆ ಬಿಡ್ಲಿ?" ಎಂದಳು ಶಾರದ. "ಅವತ್ತು ಶಾಲೆ ನೋಡೋಕೆ ಅಂತ ಬಂದಿದ್ದೆ. ಹನ್ನೊಂದು ಜನ ಟೀಚರು. ಕಿಟಕಿ ಪಕ್ಕದ ಕುರ್ಚಿ ಯಾರಿಗೆ ಅಂತ ಜಗಳ ನಡೀತಿತ್ತು. ನಂಗೆ ಮೂರನೇ ಕ್ಲಾಸು ಬಿ ಸೆಕ್ಷನ್ ಅಂದ್ರು. ಅದೂ ಸಮಾಜ ವಿಜ್ಞಾನ ಮಾತ್ರ. ನಮ್ಮೂರಲ್ಲಿ ಇಡೀ ಶಾಲೆ ನಂದು. ಅದನ್ನ ಬಿಟ್ಟು ಬಿ ಸೆಕ್ಷನ್ನಿಗೆ ಬರ್ಲಾ? ಅವತ್ತೇ ಬೇಡ ಅಂತ ಬರ್ಕೊಟ್ಟು ಬಂದೆ."

"ನಂಗೆ ಹೇಳ್ಬೋದಿತ್ತಲ್ಲ?" ಎಂದೆ.

"ಹೇಳಿದ್ನಲ್ಲ. ಅವತ್ತು ಸಂಜೆ ಬಸ್ಸಿನ ಹತ್ರ ಬಂದಿದ್ರಿ ನೀವು. ತೋಟದ ದಾರಿ ಉದ್ದಕ್ಕೂ ಎಲ್ಲ ಹೇಳ್ಕೊಂಡೇ ಬಂದೆ. ಆ ಕುರ್ಚಿ ಜಗಳನೂ ಹೇಳಿದ್ದೆ. ನೀವು ಮುಂದೆ ಹೋಗ್ತಾ ಎಲ್ಲದಕ್ಕೂ 'ಹ್ಞೂಂ' ಅಂದ್ರಿ."

ಆ ಸಂಜೆ ನನಗೆ ನೆನಪಿದೆ. ಹ್ಞೂಂ ಅಂದದ್ದು ಮಾತ್ರ ನೆನಪಿಲ್ಲ. ಅವಳು ವರ್ಗದ ಬಗ್ಗೆ ಏನು ತೀರ್ಮಾನ ಮಾಡಿಕೊಂಡು ಬಂದಳೋ ಎಂಬ ಚಿಂತೆಯಲ್ಲೇ ನಾನು ಮುಳುಗಿದ್ದೆ. ಆ ಚಿಂತೆಯಲ್ಲಿ ಅವಳು ಹೇಳುತ್ತಿದ್ದ ತೀರ್ಮಾನವೇ ಕಿವಿಗೆ ಬೀಳಲಿಲ್ಲ. "ನಾನು ಕೇಳಿಸ್ಕೊಂಡಿಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ.

"ಮಾರನೇ ದಿನ ಬೆಳಿಗ್ಗೆ. ನೀವು ಕಾಫಿ ಮಾಡಿ ತಂದ್ಕೊಟ್ರಲ್ಲ, ಆಗ."

ಇದೊಂದನ್ನು ನಿಮ್ಮಿಂದಲೂ ಮುಚ್ಚಿಟ್ಟಿದ್ದೆ. ಆ ಮಾರನೇ ದಿನದಿಂದ ಇವತ್ತಿನವರೆಗೆ ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಮಾಡುವವನು ನಾನು. ಹಾಜರಿಗೆ ಹೋಗುವ ಮುಂಚೆ, ಐದು ಗಂಟೆಗೆ ಎದ್ದು, ಒಲೆ ಹಚ್ಚಿ, ಡಿಕಾಕ್ಷನ್ ಇಳಿಸಿ, ಅವಳು ಮಲಗಿದ್ದಲ್ಲಿಗೇ ಲೋಟ ಒಯ್ದು ಕೊಡುತ್ತಿದ್ದೆ. ಜ್ವರವಿದ್ದರೂ ತಪ್ಪಿಸಿಲ್ಲ. ನನಗೆ ನಾನೇ ವಿಧಿಸಿಕೊಂಡ ಶಿಕ್ಷೆ ಅದು. ಯಾರಿಗೂ ಹೇಳಿರಲಿಲ್ಲ, ಇಂಥ ಗಂಡ ಎಷ್ಟು ಜನರಿಗೆ ಸಿಗುತ್ತಾನೆ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಅವಳು ಒಂದು ಮಾತೂ ಆಡದೆ ಆ ಲೋಟ ತೆಗೆದುಕೊಳ್ಳುವಾಗ, ಪಾಪ, ದುಃಖ ನುಂಗಿಕೊಂಡು ಕುಡಿಯುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ.

"ಆಗ್ಲೇ ಹೇಳ್ಬೋದಿತ್ತಲ್ಲ ಮಾರಾಯ್ತಿ!" ಎಂದೆ. ಬೆಂಚಿನ ಆ ಕಡೆ ಕೂತಿದ್ದವರು ತಿರುಗಿ ನೋಡಿದರು.

"ಹೇಳ್ಬೇಕು ಅಂತಿದ್ದೆ. ಕಾಫಿ ಚೆನ್ನಾಗಿತ್ತು" ಎಂದಳು.

ಮೊದಲು ಸಿಟ್ಟು ಬಂತು. ಮಾಡದ ತಪ್ಪಿಗೆ ಇಪ್ಪತ್ತಾರು ವರ್ಷ ಬೆಳಗಿನ ನಿದ್ದೆ ಕೆಟ್ಟಿತಲ್ಲ ಎಂದು. ಆಮೇಲೆ ಅವಳ ಮುಖ ನೋಡಿದೆ. ಆ ಮುಖದಲ್ಲಿ ಯಾವ ಕೊರಗೂ ಇರಲಿಲ್ಲ, ಯಾವತ್ತೂ ಇರಲಿಲ್ಲ. ಅವಳು ಏನನ್ನೂ ಕಳೆದುಕೊಂಡಿಲ್ಲ, ತನಗೆ ಬೇಕಾದಲ್ಲಿ ಬೇಕಾದಂತೆ ಬದುಕಿದ್ದಾಳೆ ಎಂದು ತಿಳಿದು ಅಳು ಬರುವಷ್ಟು ಸಂತೋಷವಾಯಿತು. ಅದರ ಹಿಂದೆಯೇ, ನನಗಾಗಿ ಒಬ್ಬಳು ಅಷ್ಟೆಲ್ಲ ತ್ಯಾಗ ಮಾಡಿದ್ದಾಳೆ ಎಂಬ ಭ್ರಮೆ ಹೋಯಿತಲ್ಲ ಎಂದು ಸಣ್ಣಗೆ ಬೇಜಾರೂ ಆಯಿತು. ಇದನ್ನೂ ಒಪ್ಪಿಕೊಳ್ಳಬೇಕು. ಅಷ್ಟರಲ್ಲಿ ಶಾರದ ಬೇರೆ ದನಿಯಲ್ಲಿ ಹೇಳಿದಳು: "ನಂಗೆ ಬೇಜಾರು ಆ ವರ್ಗದ್ದಲ್ಲ. ನಾನು ಹಿಂದೆ ಇದೀನಾ ಇಲ್ವಾ ಅಂತ ನೀವು ಒಂದು ಸಲನೂ ತಿರುಗಿ ನೋಡಲ್ಲ. ಇವತ್ತು ಅರ್ಧ ಕೆರೆ ಹೋಗ್ಬಿಟ್ರಿ." ಹಾವಿಗಾಗಿ ನೆಲ ನೋಡಬೇಕೆಂಬ ತೋಟದ ನೆಪ ಈ ದಂಡೆಯ ಮೇಲೆ ನಡೆಯುವಂತಿರಲಿಲ್ಲ.

ಉಳಿದ ಸುತ್ತನ್ನು ಹೇಗೋ ಪಕ್ಕದಲ್ಲೇ ನಡೆದು ಮುಗಿಸಿದೆವು. ನಾನು ಮುಂದೆ ಸರಿದಾಗಲೆಲ್ಲ ಅವಳು ನನ್ನ ಅಂಗಿಯ ತೋಳು ಹಿಡಿದು ಎಳೆಯುತ್ತಿದ್ದಳು. ಸಂಜೆ ಬಸ್ಸಿಗೆ ಊರಿಗೆ ಬಂದೆವು. ಬಸ್ಸು ಕೆರೆಯ ಹತ್ತಿರ ಬಂದಾಗ ಈ ಸಲ ಆ ಕಡೆಯೇ ನೋಡಿದೆ.

ಮಾರನೇ ದಿನ ಐದು ಗಂಟೆಗೆ ಸರಿಯಾಗಿ ಎಚ್ಚರವಾಯಿತು. ಇನ್ನು ಏಳಬೇಕಾದ ಕಾರಣವಿಲ್ಲ, ಶಿಕ್ಷೆ ರದ್ದಾಗಿದೆ ಎಂದು ಹೊದಿಕೆ ಎಳೆದುಕೊಂಡೆ. ಪಕ್ಕದಲ್ಲಿ ಶಾರದಳೂ ಎದ್ದಿರಲಿಲ್ಲ. ನಿದ್ದೆ ಬಂದವರು ಅಷ್ಟು ಅಚ್ಚುಕಟ್ಟಾಗಿ ಮಲಗುವುದಿಲ್ಲ. ಇಬ್ಬರೂ ಕಣ್ಣು ಮುಚ್ಚಿಕೊಂಡು ಮುಕ್ಕಾಲು ಗಂಟೆ ಕಾದೆವು. ಕೊನೆಗೆ ಎದ್ದವನು ನಾನೇ. ಪ್ರಾಯಶ್ಚಿತ್ತಕ್ಕಲ್ಲ, ತಲೆನೋವಿಗೆ. ಡಿಕಾಕ್ಷನ್ ಇಳಿಯಿತು, ಹಾಲಿಟ್ಟೆ. ಹಾಲು ಇನ್ನೇನು ಉಕ್ಕಬೇಕು, ಆಗ ಶಾರದ ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಬೆನ್ನ ಹಿಂದೆ ನಿಂತು ಏನೋ ಹೇಳಿದಳು. ಸಣ್ಣ ಮಾತಲ್ಲ, ಸ್ವಲ್ಪ ಉದ್ದವೇ ಇತ್ತು. ನಾನು ಪಾತ್ರೆಯ ಮೇಲೆ ಕಣ್ಣಿಟ್ಟು "ಹ್ಞೂಂ" ಎಂದೆ. ಎಂದ ಮೇಲೆ ಒಂದು ಅಕ್ಷರವೂ ಕಿವಿಗೆ ಬಿದ್ದಿಲ್ಲ ಎಂದು ಹೊಳೆಯಿತು. ತಿರುಗಿ ನೋಡುವಷ್ಟರಲ್ಲಿ ಬಾಗಿಲು ಖಾಲಿ. ಏನು ಹೇಳಿದಳೆಂದು ಕೇಳುವ ಧೈರ್ಯ ಇವತ್ತಿನವರೆಗೆ ಬಂದಿಲ್ಲ, ಅವಳಾಗಿ ಹೇಳುವ ಲಕ್ಷಣವೂ ಕಾಣುವುದಿಲ್ಲ. ಯಾವುದಕ್ಕೂ ಇರಲಿ ಎಂದು ಸದ್ಯಕ್ಕೆ ಸಂಜೆಯ ಕಾಫಿಯನ್ನೂ ನಾನೇ ಮಾಡುತ್ತಿದ್ದೇನೆ.